ಯೂರೋಪಿನ ಒಕ್ಕೂಟವೂ ಪರರಾಷ್ಟ್ರನೀತಿಯ ನಾಯಕತ್ವವೂ

ಯೂರೋಪಿನ ಒಕ್ಕೂಟದಲ್ಲಿ ವಾಣಿಜ್ಯಕ್ಕೊಂದು ರೀತಿ, ಸಂಧಿವಿಗ್ರಹಕ್ಕೆ ಮತ್ತೊಂದು ರೀತಿ. ಪರದೇಶಗಳೊಡನೆ ವ್ಯಾಪಾರದ ಒಪ್ಪಂದಗಳನ್ನು ಕುದುರಿಸುವಾಗ ಒಕ್ಕೂಟದ ಕಮಿಷನ್ನು ಸದಸ್ಯರಾಜ್ಯಗಳೆಲ್ಲದರ ಪರವಾಗಿ ಮಾತನಾಡುವುದು. ಪರರಾಷ್ಟ್ರನೀತಿಯಲ್ಲಾದರೋ ಸರ್ವಸಮ್ಮತಿಯೇ ನಿಯಮ. ಅತ್ಯಂತ ಸಣ್ಣ ರಾಜ್ಯವೂ ಒಲ್ಲೆನೆಂದು ನಿರ್ಣಯವನ್ನು ತಡೆಯಬಹುದು.

ಈ ವಿಷಯದಲ್ಲಿ ಪರಸ್ಪರ ಸಮಾಲೋಚನೆಯು 1970ರಲ್ಲಿ ಆರಂಭವಾಯಿತು. ಅದರ ಬಲವೆಷ್ಟೆಂಬುದು ಯುಗೋಸ್ಲಾವಿಯವು ಒಡೆದಾಗ ಬಯಲಾಯಿತು. ಹೊಸ ರಾಜ್ಯಗಳ ಮನ್ನಣೆಯನ್ನು 1992ರ ಜನವರಿ 15ರಂದು ಒಟ್ಟಾಗಿ ಜಾರಿಗೆ ತರಬೇಕೆಂದು ಹನ್ನೆರಡು ರಾಜ್ಯಗಳು ಒಪ್ಪಿದ್ದರೂ ಜರ್ಮನಿಯು ಅದಕ್ಕೆ ಕಾಯದೆ 1991ರ ಡಿಸೆಂಬರಿನಲ್ಲಿಯೇ ಸ್ಲೊವೇನಿಯ ಮತ್ತು ಕ್ರೊಯೇಷಿಯಗಳನ್ನು ಮನ್ನಿಸಿತು. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಡಂಬಡಿಕೆಯು ಸಾಮಾನ್ಯ ಪರರಾಷ್ಟ್ರನೀತಿಯೆಂಬ ಹೆಸರನ್ನು ಕೊಟ್ಟಿತು. ಹೆಸರು ಬಂದರೂ 2003ರ ಇರಾಕ್ ಯುದ್ಧದಲ್ಲಿ ಬ್ರಿಟನ್ನು, ಸ್ಪೇಯ್ನುಗಳು ಒಂದು ಕಡೆ, ಫ್ರಾನ್ಸು, ಜರ್ಮನಿಗಳು ಇನ್ನೊಂದು ಕಡೆ ನಿಂತವು.

ಒಕ್ಕೂಟಕ್ಕೆ ಒಬ್ಬ ವಕ್ತಾರನಿರಬೇಕೆಂದು 1999ರಲ್ಲಿ ಪ್ರಧಾನ ಪ್ರತಿನಿಧಿಯ ಪದವಿಯು ಏರ್ಪಟ್ಟಿತು. ಸ್ಪೇಯ್ನಿನ ಹಾವಿಯೆರ್ ಸೊಲಾನರು ಹತ್ತು ವರ್ಷ ಅದನ್ನು ವಹಿಸಿದರು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯು ಅದೇ ಅಧಿಕಾರಿಯನ್ನು ಕಮಿಷನ್ನಿನ ಉಪಾಧ್ಯಕ್ಷನನ್ನಾಗಿಯೂ ವಿದೇಶಾಂಗಮಂತ್ರಿಗಳ ಸಭೆಯ ಅಧ್ಯಕ್ಷನನ್ನಾಗಿಯೂ ಮಾಡಿತು. ಆದರೆ ರಾಜ್ಯಾಧಿಪತಿಗಳ ಪರಿಷತ್ತಿಗೂ ಸ್ಥಿರವಾದ ಒಬ್ಬ ಅಧ್ಯಕ್ಷನನ್ನು ಅದೇ ಒಡಂಬಡಿಕೆಯು ಕಲ್ಪಿಸಿತಾದ್ದರಿಂದ, ಕಮಿಷನ್ನಿನ ಅಧ್ಯಕ್ಷರನ್ನೂ ಸೇರಿಸಿಕೊಂಡು ಹೊರಗಿನವರೊಡನೆ ಮಾತನಾಡುವ ಬಾಯಿಗಳು ಮೂರಾದವು. ಪ್ರಧಾನ ಪ್ರತಿನಿಧಿಯು ಸಲಹೆಯನ್ನು ಮುಂದಿಡಬಲ್ಲನು. ಒಪ್ಪದ ರಾಜ್ಯವನ್ನು ಒಪ್ಪಿಸುವ ಅಧಿಕಾರವು ಅವನಿಗಿಲ್ಲ.

ಸರ್ವಸಮ್ಮತಿಯ ಬೆಲೆ 2020ರಲ್ಲಿ ಕಂಡುಬಂದಿತು. ಬೆಲಾರುಸಿನ ಚುನಾವಣೆಯ ಅನಂತರ ನಡೆದ ದಮನಕ್ಕಾಗಿ ಅಲ್ಲಿನ ಅಧಿಕಾರಿಗಳ ಮೇಲೆ ನಿರ್ಬಂಧಗಳನ್ನು ಹೇರಲು ಉಳಿದವರೆಲ್ಲರೂ ಸಿದ್ಧರಿದ್ದರು. ಸೈಪ್ರಸ್ಸು ಮಾತ್ರ, ತನ್ನ ಸಮುದ್ರದಲ್ಲಿ ತುರ್ಕಿಯು ನಡೆಸುತ್ತಿದ್ದ ಅತಿಕ್ರಮಣದ ವಿಷಯವೂ ನಿರ್ಣಯವಾಗಲೆಂದು ಹಟಹಿಡಿಯಿತು. ಅಕ್ಟೋಬರಿನವರೆಗೆ ನಿರ್ಬಂಧಗಳು ನಿಂತುವು. ಇದನ್ನು ಮೊಂಡುತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೊಡ್ಡ ರಾಜ್ಯಗಳು ತನ್ನ ಭಯವನ್ನು ಲಕ್ಷಿಸುವಂತೆ ಮಾಡಲು ಸಣ್ಣ ರಾಜ್ಯಕ್ಕೆ ಬೇರೆ ಸಾಧನವು ಕಡಮೆ. ಆದರೂ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬಲ್ಲವರಿಗೆ ಅದರ ಹನ್ನೊಂದನೆಯ ಅಧಿಕರಣವು ಇಲ್ಲಿ ನೆನಪಿಗೆ ಬರದಿರದು. ಸಂಘವು ಒಗ್ಗಟ್ಟಿನಿಂದಿರುವಾಗ ಶತ್ರುವಿಗೆ ಅಭೇದ್ಯವೆಂದೂ, ಅದರ ಸದಸ್ಯರೊಳಗಣ ಅಸೂಯೆ ಕಲಹಗಳನ್ನು ಹುಡುಕಿ ಭೇದವನ್ನು ಬಿತ್ತಬೇಕೆಂದೂ ಅಲ್ಲಿ ಹೇಳಿದೆ. ಸರ್ವಸಮ್ಮತಿಯ ಸಂಘದಲ್ಲಿ ಭೇದೋಪಾಯಕ್ಕೆ ಒಬ್ಬ ಸದಸ್ಯನೇ ಸಾಕು.

ತೊಡಕನ್ನು ಬಿಡಿಸಲು ಕೆಲವು ಉಪಾಯಗಳುಂಟು. ಒಪ್ಪದ ರಾಜ್ಯವು ತಟಸ್ಥವಾಗಿದ್ದು, ನಿರ್ಣಯವು ತನಗೆ ಅನ್ವಯಿಸದಂತೆ ಘೋಷಿಸಬಹುದು. ಕೊಸೊವೊ ನಿಯೋಗದ ಸಂಬಂಧದಲ್ಲಿ 2008ರಲ್ಲಿ ಸೈಪ್ರಸ್ಸು ಮಾಡಿದ್ದು ಇದನ್ನೇ. 2023ರ ಡಿಸೆಂಬರಿನಲ್ಲಿ ಉಕ್ರೇನಿನ ಪ್ರವೇಶದ ಮಾತುಕತೆಗೆ ಒಪ್ಪಿಗೆಯಾಗುವಾಗ ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಪ್ರಧಾನಿ ಓರ್ಬಾನರು ಸಭೆಯಿಂದ ಎದ್ದು ಹೊರಗೆ ಹೋದರು. ಉಳಿದ ಇಪ್ಪತ್ತಾರು ಮಂದಿ ನಿರ್ಣಯಿಸಿದರು. ಒಡಂಬಡಿಕೆಯಲ್ಲಿ ಇಲ್ಲದ ಉಪಾಯವಿದು. ಸೈನ್ಯಕ್ಕೆ ಸಂಬಂಧಿಸದ ವಿಷಯಗಳನ್ನು ಬಹುಮತಕ್ಕೆ ಒಪ್ಪಿಸಲು ಒಡಂಬಡಿಕೆಯಲ್ಲಿಯೇ ದಾರಿಯುಂಟು. ಆದರೆ ಆ ದಾರಿಯನ್ನು ತೆರೆಯುವುದಕ್ಕೂ ರಾಜ್ಯಾಧಿಪತಿಗಳೆಲ್ಲರೂ ಒಪ್ಪಬೇಕು.