ಶ್ವಾಸಕೋಶದ ಕಾಣದ ನಿವಾಸಿಗಳು

ನಾವು ನಿಮಿಷಕ್ಕೆ ಸುಮಾರು ೧೫ ಸಲ ಉಸಿರಾಡುತ್ತೇವೆ. ಸಲಕ್ಕೆ ಅರ್ಧ ಲೀಟರಿನಷ್ಟು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತೇವೆ. ಈ ಲೆಕ್ಕದಂತೆ ದಿನವೊಂದಕ್ಕೆ ೧೦,೮೦೦ ಲೀಟರು ಗಾಳಿ ಶ್ವಾಸಕೋಶವನ್ನು ಹೊಕ್ಕು ಹೊರಬರುತ್ತದೆ. ಅದರೊಡನೆ ಧೂಳೂ ಸೂಕ್ಷ್ಮಜೀವಿಗಳೂ ಒಳಹೋಗುತ್ತವೆಯಷ್ಟೆ. ಹೀಗಿದ್ದರೂ ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದು ವೈದ್ಯಗ್ರಂಥಗಳು ಬಹುಕಾಲ ಬೋಧಿಸುತ್ತಿದ್ದುವು. ೨೦೦೭ರಲ್ಲಿ ಅಮೆರಿಕದಲ್ಲಿ ಮಾನವದೇಹದ ಸೂಕ್ಷ್ಮಜೀವಿಗಳ ಗಣತಿಗೆ ತೊಡಗಿದಾಗ ಶ್ವಾಸಕೋಶವನ್ನು ಮೊದಲ ಪಟ್ಟಿಯಲ್ಲಿ ಸೇರಿಸಿಕೊಳ್ಳಲೇ ಇಲ್ಲ.

ಈ ತಪ್ಪು ತಿಳಿವಳಿಕೆಗೆ ಕಾರಣವಾದುದು ಪರೀಕ್ಷೆಯ ಕ್ರಮ. ಬ್ಯಾಕ್ಟೀರಿಯಗಳನ್ನು ಗಾಜಿನ ತಟ್ಟೆಯಲ್ಲಿ ಆಹಾರವಿತ್ತು ಬೆಳೆಸಿ ಗುರುತಿಸುವುದು ವಾಡಿಕೆ. ಆದರೆ ಎಷ್ಟೋ ಬ್ಯಾಕ್ಟೀರಿಯಗಳು ತಟ್ಟೆಯಲ್ಲಿ ಸುಲಭವಾಗಿ ಬೆಳೆಯವು. ಕೆಲವಕ್ಕಂತೂ ಆಮ್ಲಜನಕವೇ ವಿಷ. ಹೊಸ ವಿಧಾನ ಬೇರೆ. ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಇರುವ ಒಂದು ಜೀನಿನ ರಚನೆ ಕುಲದಿಂದ ಕುಲಕ್ಕೆ ಕೊಂಚ ವ್ಯತ್ಯಾಸವಾಗುತ್ತದೆ. ಅದನ್ನು ಓದಿದರೆ, ಜೀವಿಯನ್ನು ಬೆಳೆಸದೆಯೇ ಅದರ ಕುಲವನ್ನು ಹೇಳಬಹುದು.

೨೦೧೦ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಹೀಗೆ ಪರೀಕ್ಷಿಸಿ, ಆರೋಗ್ಯವಂತರ ಶ್ವಾಸನಾಳಗಳಲ್ಲಿಯೂ ಬ್ಯಾಕ್ಟೀರಿಯಗಳಿವೆಯೆಂದು ತೋರಿಸಿಕೊಟ್ಟರು. ಅವರಲ್ಲಿ ಪ್ರಿವೊಟೆಲ್ಲ ಎಂಬ ಕುಲ ಹೆಚ್ಚಾಗಿಯೂ, ಆಸ್ತಮಾ ರೋಗಿಗಳಲ್ಲಿ ಹೀಮೋಫಿಲಸ್ ಎಂಬುದು ಹೆಚ್ಚಾಗಿಯೂ ಕಂಡುಬಂದುವು.

ಇದನ್ನು ತಿಳಿಯಲು ಕೆರೆಯೊಂದನ್ನು ನೆನೆಯೋಣ. ಒಳಬರುವ ನೀರಿಗೂ ಕೋಡಿಯಲ್ಲಿ ಹರಿದುಹೋಗುವ ನೀರಿಗೂ ಸಮತೋಲವಿರುವವರೆಗೆ ಕೆರೆಯ ಮಟ್ಟ ಬದಲಾಗದು. ಅಂತೆಯೇ ಶ್ವಾಸಕೋಶಕ್ಕೆ ಗಾಳಿಯಿಂದ ಮಾತ್ರವಲ್ಲದೆ, ಅದಕ್ಕಿಂತ ಹೆಚ್ಚಾಗಿ, ನಮಗರಿವಿಲ್ಲದೆ ಜಾರುವ ಬಾಯಿಯ ಜೊಲ್ಲಿನಿಂದ ಸೂಕ್ಷ್ಮಜೀವಿಗಳು ಬರುತ್ತಲೇ ಇರುತ್ತವೆ. ಕೆಮ್ಮು, ನಾಳದ ಒಳಗೋಡೆಯ ನವಿರಾದ ರೋಮಗಳು ಮತ್ತು ರಕ್ಷಕ ಕಣಗಳು ಅವನ್ನು ನಿವಾರಿಸುತ್ತಿರುತ್ತವೆ. ರೋಗದಲ್ಲಿ ಕಫ ಗಟ್ಟಿಯಾದರೆ ಕೋಡಿ ಕಟ್ಟಿದಂತಾಗುತ್ತದೆ. ಅಲ್ಲಿಯೇ ವೃದ್ಧಿಯಾಗಬಲ್ಲ ಕೆಲವು ಕುಲಗಳು ಉಳಿದವನ್ನು ಮೀರುತ್ತವೆ.

ಹಾಗಾದರೆ ಈ ಏರುಪೇರಿನಿಂದ ರೋಗವೋ, ರೋಗದಿಂದ ಏರುಪೇರೋ? ಈ ಪ್ರಶ್ನೆ ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ. ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಾರು ಹೆಚ್ಚಾಗಿರುವ ಆಹಾರವನ್ನು ತಿಂದ ಇಲಿಗಳ ಶ್ವಾಸನಾಳದಲ್ಲಿ ಅಲರ್ಜಿಯ ಉರಿಯೂತ ಕಡಿಮೆಯಾಯಿತು. ಕರುಳಿನ ಬ್ಯಾಕ್ಟೀರಿಯಗಳು ನಾರಿನಿಂದ ತಯಾರಿಸುವ ಆಮ್ಲಗಳೇ ಇದಕ್ಕೆ ಕಾರಣವೆಂದು ಕಂಡುಬಂದಿತು. ಆದರೆ ಇಲಿಗೆ ಒಪ್ಪಿದುದೆಲ್ಲ ಮನುಷ್ಯನಿಗೂ ಒಪ್ಪುವುದೆಂದು ಹೇಳಲಾಗದು.

ಒಂದು ಎಚ್ಚರಿಕೆಯಂತೂ ಈಗಲೇ ಸಲ್ಲುತ್ತದೆ. ಆಂಟಿಬಯಾಟಿಕ್ ಔಷಧಕ್ಕೆ ಮಿತ್ರ-ಶತ್ರು ಭೇದ ತಿಳಿಯದು; ಆದುದರಿಂದ ಸಣ್ಣ ಕೆಮ್ಮಿಗೆಲ್ಲ ವೈದ್ಯರ ಸಲಹೆಯಿಲ್ಲದೆ ಅದನ್ನು ನುಂಗಬಾರದು. ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಪಾಠವುಂಟು: ನಮ್ಮ ಉಪಕರಣಕ್ಕೆ ಕಾಣದ ಮಾತ್ರಕ್ಕೆ ವಸ್ತುವೊಂದು ಇಲ್ಲವೆಂದಾಗುವುದಿಲ್ಲ.