ಒಂಬತ್ತು ಕೋಟಿ ಇಟ್ಟಿಗೆ, ಅರವತ್ತು ಗ್ರಾಂ ಹಕ್ಕಿ

ಜಯನಗರ, ಜೆ.ಪಿ. ನಗರದ ಹಕ್ಕಿ ಹುಚ್ಚಿನವರು ಲಾಲ್‌ಬಾಗು, ಮಡಿವಾಳ ಕೆರೆ, ರಂಗನತಿಟ್ಟು ಎಲ್ಲ ಮುಗಿಸಿದ ಮೇಲೆ ಪಾಸ್‌ಪೋರ್ಟ್ ಹುಡುಕತೊಡಗುತ್ತಾರೆ. ಹತ್ತಿರದ ವಿದೇಶ ಶ್ರೀಲಂಕಾ. ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಸ್ತೂಪ, ಜೊತೆಗೊಬ್ಬ ಗೈಡು. ರಸ್ತೆಯಲ್ಲಿ ಬೀದರ್ ಎಷ್ಟು ದೂರವೋ ವಿಮಾನದಲ್ಲಿ ಕೊಲಂಬೊ ಹೆಚ್ಚುಕಮ್ಮಿ ಅಷ್ಟೇ, ಸುಮಾರು 700 ಕಿಲೋಮೀಟರ್. ಹೋಗಿಬಂದವರು ಫೋಟೊ ತೋರಿಸುತ್ತಾರೆ. ನನ್ನ ಕಣ್ಣು ಅಲ್ಲಿನ ಲೆಕ್ಕಗಳ ಮೇಲೆ.

ದ್ವೀಪದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಕರ್ನಾಟಕದ್ದು 1,91,791. ನಮ್ಮ ಮೂರನೇ ಒಂದು ಪಾಲಷ್ಟಿರುವ ಆ ನೆಲದಲ್ಲಿ, ಜಗತ್ತಿನ ಬೇರೆಲ್ಲೂ ಸಿಗದ ಹಕ್ಕಿಗಳು ಮೂವತ್ತಕ್ಕೂ ಹೆಚ್ಚು ಜಾತಿ. ಕರ್ನಾಟಕಕ್ಕೆ ಮಾತ್ರ ಸೇರಿದ್ದು ಅಂತ ಹೇಳಿಕೊಳ್ಳಲು ನಮಗೆ ಒಂದೂ ಇಲ್ಲ. ಘಟ್ಟದ ಹಕ್ಕಿಗಳನ್ನು ಕೇರಳ, ತಮಿಳುನಾಡಿನ ಜೊತೆ ಹಂಚಿಕೊಂಡೇ ಇದ್ದೇವೆ.

ಆ ಸ್ವಂತ ಹಕ್ಕಿಗಳಲ್ಲಿ ಬಹುಪಾಲು ಸಿಗುವುದು ಸಿಂಹರಾಜ ಕಾಡಿನಲ್ಲಿ. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಅದರ ಅಳತೆ 8,864 ಹೆಕ್ಟೇರ್, ಅಂದರೆ ಬೆಂಗಳೂರಿನ ಎಂಟನೇ ಒಂದು ಭಾಗದ ಆಸುಪಾಸು. ಆಗುಂಬೆಯ ಇಂಬಳ ಕಂಡವರಿಗೆ ಅಲ್ಲಿ ಕಾಲುಚೀಲದ ಪಾಠ ಬೇಕಾಗಿಲ್ಲ. ಗಂಟೆಗಟ್ಟಲೆ ನಡೆದರೂ ಒಂದು ರೆಕ್ಕೆ ಅಲ್ಲಾಡುವುದಿಲ್ಲ. ಆಮೇಲೆ ಕಾಜಾಣವೊಂದು ಕೂಗುತ್ತದೆ, ಗೈಡು ಕೈ ಎತ್ತುತ್ತಾನೆ, ಹರಟೆಮಲ್ಲಗಳ ಗದ್ದಲದ ಹಿಂದೆಯೇ ಇಡೀ ಕಾಡು ಒಟ್ಟಿಗೆ ಬಂದುಬಿಡುತ್ತದೆ. ಅಲ್ಲಿನ ವಿಜ್ಞಾನಿಗಳು ಇಂಥ ಬೆರಕೆ ಹಿಂಡುಗಳನ್ನು ವರ್ಷಗಟ್ಟಲೆ ಎಣಿಸಿದ್ದಾರೆ: ಒಂದೊಂದರಲ್ಲಿ ಸರಾಸರಿ 40 ಹಕ್ಕಿ, 11–12 ಜಾತಿ. ನೋಡುವವರಿಗೆ ಸಿಗುವುದು ಕೆಲವೇ ನಿಮಿಷ. ಇಷ್ಟೆಲ್ಲ ಎಣಿಸಿದ ಮೇಲೂ ಅಂಗೈಯಷ್ಟು ದೊಡ್ಡ ಒಂದು ಕೆಂಗಂದು ಗೂಬೆ ಅಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಲಂಕೆಯ ಪಕ್ಷಿತಜ್ಞ ದೀಪಲ್ ವರಕಗೊಡ ಅದರ ಕೂಗನ್ನು 1995ರಲ್ಲೇ ಕೇಳಿದ್ದರು, ಕಂಡದ್ದು 2001ರಲ್ಲಿ.

ಇನ್ನು ಮಧ್ಯಾಹ್ನದ ಸ್ತೂಪ. ಸಿಗಿರಿಯದ 200 ಮೀಟರ್ ಬಂಡೆಗೆ ಎಲ್ಲರೂ ಬಾಯಿ ಬಿಡುತ್ತಾರೆ, ಬಿಡಲಿ. ಬಂಡೆ ಮನುಷ್ಯ ಮಾಡಿದ್ದಲ್ಲ. ಅನುರಾಧಪುರದ ಜೇತವನ ಸ್ತೂಪ ಮಾಡಿದ್ದು. ಮಹಾಸೇನ ರಾಜ ಮೂರನೇ ಶತಮಾನದ ಕೊನೆಗೆ ಶುರುಮಾಡಿಸಿದ್ದು, ಮೂಲ ಎತ್ತರ 122 ಮೀಟರ್. ಆ ಕಾಲದಲ್ಲಿ ಅದಕ್ಕಿಂತ ಎತ್ತರ ನಿಂತಿದ್ದವು ಗೀಜಾದ ದೊಡ್ಡ ಪಿರಮಿಡ್‌ಗಳು. ಹಿಡಿದ ಇಟ್ಟಿಗೆ 9 ಕೋಟಿ 33 ಲಕ್ಷ ಎಂಬ ಅಂದಾಜಿದೆ. ಬನಶಂಕರಿಯಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆಯೊಂದಕ್ಕೆ 25 ಸಾವಿರ ಇಟ್ಟಿಗೆ ಅಂತ ಹಿಡಿಯಿರಿ: 3,700 ಮನೆ! ಬಡಾವಣೆಗೆ ಬಡಾವಣೆಯನ್ನೇ ಒಂದು ಗುಡ್ಡೆಯಾಗಿ ಸುರಿದಂತೆ.

ಆದರೂ ನನ್ನನ್ನು ಸೋಲಿಸಿದ ಲೆಕ್ಕ ಬೇರೆ. ಚಳಿಗಾಲದಲ್ಲಿ ಲಂಕೆಯ ತೋಪುಗಳಲ್ಲಿ ಗೈಡುಗಳು ತೋರಿಸುವ ನವರಂಗ ಹಕ್ಕಿ ಲಂಕೆಯದಲ್ಲ, ನಮ್ಮ ಕಡೆಯಿಂದಲೇ ಹೋದದ್ದು. ತೂಕ ಹೆಚ್ಚೆಂದರೆ 60 ಗ್ರಾಂ ಚಿಲ್ಲರೆ, ಬಾಲವೋ ಮೊಟಕು. ಹಗಲೆಲ್ಲ ನೆಲದ ಮೇಲೆ ತರಗೆಲೆ ಕೆದಕುವ ಈ ಪ್ರಾಣಿ ರಾತ್ರಿ ಹೊತ್ತು ಹಾರುತ್ತದೆ. ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡಿದ್ದು ದಕ್ಷಿಣ ಲಂಕೆ ಮುಟ್ಟಬೇಕಾದರೆ 2,500 ಕಿಲೋಮೀಟರ್‌ಗೂ ಮೇಲೆ, ನಡುವೆ ಸಮುದ್ರ. ಬೇಸಿಗೆಗೆ ಅಷ್ಟೇ ದೂರ ವಾಪಸ್ಸು.

ಬೆಂಗಳೂರು ಆ ದಾರಿಯಲ್ಲೇ ಬೀಳುತ್ತದೆ. ಅಕ್ಟೋಬರ್ ಹೊತ್ತಿಗೆ ಸುಸ್ತಾಗಿಯೋ, ಗಾಜಿಗೆ ಬಡಿದೋ ಬಾಲ್ಕನಿಯಲ್ಲಿ ನವರಂಗ ಬಿದ್ದ ಸುದ್ದಿ ಇಲ್ಲಿ ಹೊಸದಲ್ಲ. ಹಸಿರು ಬೆನ್ನು, ಕಣ್ಣಿಗೆ ಅಡ್ಡ ಕಪ್ಪು ಪಟ್ಟಿ, ಬಾಲದ ಬುಡಕ್ಕೆ ಕುಂಕುಮದ ಕೆಂಪು. ವಾಷಿಂಗ್ ಮಷಿನ್ ಸಂದಿಯಲ್ಲಿ ಗರಿ ಉಬ್ಬಿಸಿಕೊಂಡು ನಿಂತಿರುತ್ತದೆ. ಕೊಕ್ಕು ಬಿಡಿಸಿ ನೀರು ಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಬೆಕ್ಕಿಗೆ ಎಟುಕದ ಕಡೆ ಇಡಿ. ಗಾಯವಿದ್ದರೆ ವನ್ಯಜೀವಿ ರಕ್ಷಣೆಯವರನ್ನು ಕರೆಯಿರಿ. ಇಲ್ಲವಾದರೆ, ಚೇತರಿಸಿಕೊಂಡ ಮೇಲೆ ಮರ ಇರುವ ಪಾರ್ಕಿನಲ್ಲಿ ಬಿಡಿ.