ತಂತಿಯಿಲ್ಲದೆ ಓಡುವ ಟ್ರಾಮ್: ಬೋರ್ಡೊ ಪೇಟೆಯ ಜಾಣ ಹಳಿ

ಫ್ರಾನ್ಸ್‌ನ ನೈಋತ್ಯದಲ್ಲಿರುವ ಬೋರ್ಡೊ ನಗರ 1958ರಲ್ಲಿ ತನ್ನ ಟ್ರಾಮ್‌ಗಳನ್ನು ನಿಲ್ಲಿಸಿತು. ಬೀದಿಗಳು ಬಸ್ಸು, ಕಾರುಗಳ ಪಾಲಾದವು. ಮುಂದೆ ಕಾರುಗಳೇ ತುಂಬಿ ಪೇಟೆಯಲ್ಲಿ ಓಡಾಡುವುದು ಕಷ್ಟವಾದಾಗ ಮೆಟ್ರೊ ಕಟ್ಟುವ ಯೋಜನೆ ಬಂತು. ಅದು ತೀರಾ ದುಬಾರಿಯೆಂದು ಅದನ್ನು ಕೈಬಿಟ್ಟು, ನಗರ ಮತ್ತೆ ಟ್ರಾಮ್‌ನತ್ತ ತಿರುಗಿತು. ಅಲೆನ್ ಜುಪ್ಪೆ ಮೇಯರ್ ಆಗಿದ್ದಾಗ, 2003ರ ಡಿಸೆಂಬರ್ 21ರಂದು, ಹೊಸ ಟ್ರಾಮ್ ಸಂಚಾರ ಶುರುವಾಯಿತು.

ಆದರೆ ಒಂದು ತೊಡಕಿತ್ತು. ಸಾಮಾನ್ಯ ಟ್ರಾಮ್‌ಗೆ ಕರೆಂಟು ಬರುವುದು ನೆತ್ತಿಯ ಮೇಲಿನ ತಂತಿಯಿಂದ. ಹದಿನೆಂಟನೆಯ ಶತಮಾನದ ಕಲ್ಲಿನ ಕಟ್ಟಡಗಳ ಮುಂದೆ ಕಂಬ ನೆಟ್ಟು ತಂತಿ ಎಳೆಯಲು ಊರಿಗೆ ಮನಸ್ಸಿರಲಿಲ್ಲ. ಹಾಗೆಂದು ಮೆಟ್ರೊದಲ್ಲಿರುವಂತೆ ಕರೆಂಟಿನ ಮೂರನೆಯ ಹಳಿಯನ್ನು ಜನ, ಸೈಕಲ್, ಮಕ್ಕಳು ಓಡಾಡುವ ಬೀದಿಯಲ್ಲಿ ಹಾಕುವಂತೆಯೂ ಇಲ್ಲ. ಹಾಗಾಗಿ ಟ್ರಾಮ್ ಮೇಲಿರುವಾಗ ಮಾತ್ರ ಕರೆಂಟು ಹರಿಯುವ ಹಳಿಯೊಂದನ್ನು ಬಳಸಲಾಯಿತು.

ಕೆಲಸ ನಡೆಯುವುದು ಹೀಗೆ

ಚಕ್ರಗಳು ಉರುಳುವ ಎರಡು ಹಳಿಗಳ ನಡುವೆ, ರಸ್ತೆಯ ಮಟ್ಟಕ್ಕೇ ಸರಿಯಾಗಿ ಮೂರನೆಯ ಹಳಿ ಹುದುಗಿದೆ. ಅದು ಉದ್ದಕ್ಕೂ ಒಂದೇ ತುಂಡಲ್ಲ. 8 ಮೀಟರಿನ ಕರೆಂಟಿನ ತುಂಡು, ಆಮೇಲೆ 3 ಮೀಟರಿನ ಕರೆಂಟು ಹರಿಯದ ತುಂಡು, ಹೀಗೆ ಸಾಲಾಗಿ ಜೋಡಿಸಿದ್ದಾರೆ. ಪ್ರತಿ 22 ಮೀಟರಿಗೆ ನೆಲದಡಿ ಒಂದು ಪೆಟ್ಟಿಗೆಯಿದ್ದು, ಅದರಿಂದ ಎರಡು ತುಂಡುಗಳಿಗೆ ಕರೆಂಟು ಹೋಗುತ್ತದೆ.

ಟ್ರಾಮ್‌ನ ಹೊಟ್ಟೆಯಡಿ ಹಳಿಗೆ ತಾಗಿ ಜಾರುವ ಎರಡು ಪಾದಗಳಿವೆ. ಅವುಗಳ ಬಳಿಯ ಆಂಟೆನಾ ನೆಲಕ್ಕೆ ಸಂಕೇತವೊಂದನ್ನು ಕಳಿಸುತ್ತಿರುತ್ತದೆ. ಟ್ರಾಮ್ ಯಾವ ತುಂಡಿನ ಮೇಲೆ ಬಂದಿದೆಯೆಂದು ಪೆಟ್ಟಿಗೆಗೆ ತಿಳಿದ ಕೂಡಲೇ ಆ ತುಂಡಿಗೆ 750 ವೋಲ್ಟ್ ಹರಿಯುತ್ತದೆ. ಟ್ರಾಮ್ ದಾಟುತ್ತಿದ್ದಂತೆ ಸಂಕೇತ ನಿಂತು ಕರೆಂಟೂ ನಿಲ್ಲುತ್ತದೆ. ಟ್ರಾಮ್ ಆ ತುಂಡಿಗಿಂತ ಬಹಳ ಉದ್ದವಾದ್ದರಿಂದ ಕರೆಂಟಿರುವ ಜಾಗ ಸದಾ ಗಾಡಿಯ ಅಡಿಯಲ್ಲೇ ಇರುತ್ತದೆ, ಹಿಂದೆ ಮುಂದೆ ನಡೆಯುವವರ ಕಾಲಡಿ ಇರುವುದು ನಿರ್ಜೀವ ಕಬ್ಬಿಣ. ಒಂದು ಪಾದ ಕರೆಂಟಿಲ್ಲದ ತುಂಡಿನ ಮೇಲಿದ್ದಾಗ ಇನ್ನೊಂದು ಕರೆಂಟಿರುವ ತುಂಡಿನ ಮೇಲಿರುತ್ತದೆ. ಯಾವುದೋ ಪೆಟ್ಟಿಗೆ ಕೆಟ್ಟಿದ್ದರೆ ಆ ಜಾಗ ದಾಟಲು ಗಾಡಿಯಲ್ಲಿ ಬ್ಯಾಟರಿಯೂ ಇದೆ.

ಪೇಟೆ ದಾಟಿದ ಮೇಲೆ ಈ ಏರ್ಪಾಡು ಮುಗಿಯುತ್ತದೆ. ನಿಗದಿತ ನಿಲ್ದಾಣದಲ್ಲಿ ಚಾಲಕ ಚಾವಣಿಯ ಮೇಲಿನ, ತಂತಿಯಿಂದ ಕರೆಂಟು ಪಡೆಯುವ ಪ್ಯಾಂಟೋಗ್ರಾಫ್ ಎತ್ತುತ್ತಾನೆ, ಅಲ್ಲಿಂದಾಚೆ ಹೊರವಲಯದಲ್ಲಿ ಅದೇ ಗಾಡಿ ತಂತಿಯ ಕರೆಂಟಿನಿಂದ ಓಡುತ್ತದೆ. ನೆಲದ ಹಳಿಗೆ ಖರ್ಚು ಹೆಚ್ಚು, ಆದ್ದರಿಂದ ಬೇಕಾದಲ್ಲಿ ಮಾತ್ರ ಅದನ್ನು ಹಾಕಿದ್ದಾರೆ.

ಆರಂಭದ ಪೇಚು

ಮೊದಮೊದಲು ಹಳಿ ಕೈಕೊಡುತ್ತಿತ್ತು. ಪೆಟ್ಟಿಗೆಗಳಿಗೆ ನೀರು ಸೇರಿ ಗಾಡಿಗಳು ನಡುರಸ್ತೆಯಲ್ಲೇ ನಿಂತವು, ಪ್ರಯಾಣಿಕರು ಸಿಟ್ಟಾದರು. ತಯಾರಿಸಿದ ಆಲ್‌ಸ್ತೋಮ್ ಕಂಪನಿ ದೋಷಗಳನ್ನು ಒಂದೊಂದಾಗಿ ಸರಿಪಡಿಸಿದ ಮೇಲೆ ಭರವಸೆ ಮೂಡಿತು. ಆಮೇಲೆ ಆಂಜೆ, ರೆಂಸ್, ಓರ್ಲೆಯಾಂ ನಗರಗಳೂ ಇದನ್ನು ಹಾಕಿಸಿಕೊಂಡವು. 2014ರ ನವೆಂಬರಿನಲ್ಲಿ ಶುರುವಾದ ದುಬೈ ಟ್ರಾಮ್ ಇದೇ ಬಗೆಯದು. 

ಹಳಿ ಜಾಣವಾಗಿದ್ದರಷ್ಟೇ ಸಾಲದು, ರಸ್ತೆಯಲ್ಲಿ ಜಾಗವೂ ಬೇಕು. ಟ್ರಾಮ್ ಎದುರಿಗೆ ಅಡ್ಡ ನಿಂತ ಕಾರನ್ನು ಬಳಸಿಕೊಂಡು ಹೋಗಲಾರದು. ಬೋರ್ಡೊ ಆ ಜಾಗವನ್ನು ಕಾರುಗಳಿಂದಲೇ ಬಿಡಿಸಿಕೊಂಡಿತು. ಉದಾಹರಣೆಗೆ, ಊರಿನ ಗರೋನ್ ನದಿಗೆ 1822ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ 2017ರಿಂದ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಟ್ರಾಮ್ ತರಲು ಹೊರಡುವ ಯಾವ ನಗರವೇ ಆಗಲಿ, ಕರೆಂಟು ಎಲ್ಲಿಂದ ಎಂದು ಯೋಚಿಸುವ ಮೊದಲು ಕಾರಿನಿಂದ ಎಷ್ಟು ಜಾಗ ವಾಪಸು ಪಡೆಯುತ್ತೇವೆ ಎಂದು ತೀರ್ಮಾನಿಸಬೇಕು.